ಪ್ಲಾಟುಗಳ ನಡುವೆ ಎಳ್ಳ ಅಮಾವಾಸ್ಯೆ

30 ಡಿಸೆಂಬರ್ 2024, ಸೋಮವಾರ
ಕಲಬುರಗಿ

ಇವತ್ತು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ತಗೊಂಡು ರಿಂಗ್ ರೋಡ್ ಆಚೆಗಿನ ಮಾವನ ಹೊಲಕ್ಕೆ ಹೋದೆವು. ಮೂರೂ ಕಡೆ ಲೇಔಟ್ ಆಗಿದೆ. ಕರಿಮಣ್ಣಿನ ಮೇಲೆ ಕೆಂಪು ಮುರುಮ್ ಹಾಸಿ, ಕಲ್ಲು ನೆಟ್ಟು, ಬಣ್ಣದಲ್ಲಿ ಪ್ಲಾಟ್ ನಂಬರ್ ಬರೆದಿದ್ದಾರೆ. ಮಾವನ ತೊಗರಿ ಮಾತ್ರ ಉಳಿದಿದೆ.

ಚರಗ ಚೆಲ್ಲಿ, ಅಂದರೆ ಹೊಲಕ್ಕೆ ನೈವೇದ್ಯ ಎರಚಿ, ಊಟಕ್ಕೆ ಕುಳಿತಾಗ ಒಬ್ಬ ಆಯಿ (ಅಜ್ಜಿ) ಬಂದರು. ಸುತ್ತಲಿನ ಹೊಲಗಳಲ್ಲಿ ಕಳೆ ತೆಗೆದು, ರಾಶಿ ಮಾಡಿ ಜೀವನ ಸಾಗಿಸಿದವರು. "ಹೊಲಾ ಮಾರಿದವರಿಗಿ ರೊಕ್ಕಾ ಬಂತು ಯವ್ವಾ, ನಮಗೇನು ಬಂತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಕರೆಗೆ ಎಷ್ಟು, ಎನ್‌ಎ (ಕೃಷಿಯೇತರ ಜಮೀನು) ಆಯ್ತಾ ಅಂತ ಎಲ್ಲರೂ ಕೇಳ್ತಾರೆ. ಅದೇ ಎಕರೆಯ ಮೇಲೆ ಎಷ್ಟು ಮನೆ ನಡೀತಿತ್ತು ಅಂತ ಯಾರೂ ಕೇಳಲ್ಲ. ಆಯಿಗೆ ಕೂಲಿ ಜೊತೆ ರಾಶಿಯಲ್ಲಿ ಒಂದಿಷ್ಟು ತೊಗರಿ ಸಿಗ್ತಿತ್ತು. ಒಲೆಗೆ ತೊಗರಿ ಕಟ್ಟಿಗೆ, ಆಡಿಗೆ ಹೊಟ್ಟು, ಬದುವಿನ ಪುಂಡಿ ಪಲ್ಯ. ಪಹಣಿಯಲ್ಲಿ ಇದ್ಯಾವುದೂ ಇಲ್ಲ. ಹೀಗಾಗಿ ಹೊಲ ಹೋದಾಗ ಇದೆಲ್ಲ ಹೋಯ್ತು ಅನ್ನೋದು ಯಾವ ಲೆಕ್ಕಕ್ಕೂ ಬರಲಿಲ್ಲ. ನಮ್ಮ ತೊಗರಿಗೆ 2019ರಲ್ಲಿ, ಇದು ಈ ನೆಲದ್ದೇ ವಿಶೇಷ ಬೆಳೆ ಅನ್ನುವ ಜಿಐ ಮಾನ್ಯತೆ ಸಿಕ್ಕಾಗ ಎಷ್ಟು ಖುಷಿಪಟ್ಟಿದ್ದೆವು! ಅದನ್ನು ಬೆಳೆದ ಕೈಗಳು ಈಗ ಕೆಲಸ ಹುಡುಕುತ್ತಿವೆ.

ಇನ್ನೊಂದು ಪೆಟ್ಟು ಇದೆ. ಉದ್ಯೋಗ ಖಾತ್ರಿಯ ಕೆಲಸ ಹಳ್ಳಿಗಳಿಗೆ ಮಾತ್ರ. ಊರು ಪಾಲಿಕೆಗೆ ಸೇರಿದರೆ ಅದೂ ನಿಂತುಹೋಗುತ್ತದೆ. ಹೊಲ ಇಲ್ಲ, ಖಾತ್ರಿಯೂ ಇಲ್ಲ. ನಗರ ಬೆಳೀಲಿ, ಬೇಡ ಅನ್ನಲ್ಲ. ಆದರೆ ಲೇಔಟ್‌ಗೆ ಅನುಮತಿ ಕೊಡುವಾಗ ರಸ್ತೆಗೆ, ಪಾರ್ಕಿಗೆ ಜಾಗ ಬಿಟ್ಟಿದ್ದಾರಾ ಅಂತ ನೋಡ್ತಾರಲ್ವಾ? ಆ ಹೊಲದಲ್ಲಿ ದುಡೀತಿದ್ದ ಮನೆಗಳ ಪಟ್ಟಿಯನ್ನೂ ಕೇಳಲಿ. ಅವರಿಗೆ ಬೇರೆ ಕೆಲಸ ಏನು ಅಂತ ಲೇಔಟ್ ಮಾಡುವವರು ಮೊದಲೇ ಬರೆದುಕೊಡಲಿ.

ಆಯಿಯ ಸೊಸೆ ಈಗ ಪಕ್ಕದ ಲೇಔಟ್‌ನಲ್ಲೇ ಇಟ್ಟಂಗಿ ಹೊರುತ್ತಾಳೆ. ಕಟ್ಟಡ ಕಾರ್ಮಿಕರಿಗೆ ಸರ್ಕಾರ ಕೊಡುವ ಲೇಬರ್ ಕಾರ್ಡ್ ಇಲ್ಲ. ಅದಕ್ಕೆ ವರ್ಷದಲ್ಲಿ 90 ದಿನ ದುಡಿದಿದ್ದಕ್ಕೆ ದಾಖಲೆ ಬೇಕು, ಗುತ್ತೇದಾರ ಸಹಿ ಹಾಕಲು ಒಲ್ಲೆ ಅಂತಾನಂತೆ. ನಾಡಿದ್ದು ಮಾವನನ್ನೂ ಕರಕೊಂಡು ಅವನ ಹತ್ತಿರ ಹೋಗ್ತೀನಿ. ಸಹಿ ಹಾಕಿಸಿಕೊಂಡೇ ಬರ್ತೀನಿ.