ಪಾಸಾಗಿದೆ ಅಂದರೆ ಸಾಲದು: ಹಳೆಯ ಜಾಗ್ವಾರ್ ಎಕ್ಸ್‌ಕೆ8ರ ಎಂಒಟಿ ಇತಿಹಾಸ ಓದುವ ಬಗೆ

ಹಳೆಯ ಕಾರು ಕೊಳ್ಳುವವರ ಪರವಾಗಿ ಅದನ್ನು ಪರೀಕ್ಷಿಸಿ ಹೇಳುವುದು ನಮ್ಮ ಕೆಲಸ. ಬ್ರಿಟನ್ನಿನಲ್ಲಿ ಈ ಕೆಲಸ ಕಾರಿನ ಹತ್ತಿರ ಹೋಗುವ ಮುಂಚೆಯೇ ಶುರುವಾಗುತ್ತದೆ. ನಂಬರ್ ಪ್ಲೇಟ್ ಸಂಖ್ಯೆ ಕೊಟ್ಟರೆ ಸಾಕು, ಸರ್ಕಾರಿ ಜಾಲತಾಣದಲ್ಲಿ ಆ ಕಾರಿನ ಎಂಒಟಿ (ರಸ್ತೆಗಿಳಿಯಲು ಕಡ್ಡಾಯವಾದ ಸುರಕ್ಷತಾ ಪರೀಕ್ಷೆ) ಇತಿಹಾಸ ಪುಕ್ಕಟೆ ಸಿಗುತ್ತದೆ: ಪರೀಕ್ಷೆಯ ದಿನಾಂಕ, ಓಡಿದ ಮೈಲಿ, ಪಾಸೋ ಫೇಲೋ, ಫೇಲಾದರೆ ಯಾಕೆ, ಜೊತೆಗೆ ಏನೇನು ಅಡ್ವೈಸರಿ (ಫೇಲ್ ಮಾಡುವಷ್ಟಿಲ್ಲದಿದ್ದರೂ ಗಮನವಿಡಿ ಎನ್ನುವ ಸೂಚನೆ). ಕರ್ನಾಟಕದಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷ ನಡೆಯುತ್ತದೆ, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ. ಆ ಪದ್ಧತಿಗೆ ಒಗ್ಗಿಕೊಂಡು ಇಲ್ಲಿಗೆ ಬಂದವರು ಹಸಿರು ಬಣ್ಣದ ‘ಪಾಸ್’ ನೋಡಿ ಪುಟ ಮುಚ್ಚಿಬಿಡುತ್ತಾರೆ. ಇಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷವೂ ಪರೀಕ್ಷೆ ಇರುವುದರಿಂದ, ಒಂದೊಂದು ಫಲಿತಾಂಶಕ್ಕಿಂತ ಒಂದು ವರ್ಷದಿಂದ ಇನ್ನೊಂದಕ್ಕೆ ಏನು ಬದಲಾಯಿತು ಅನ್ನುವುದೇ ಮುಖ್ಯ.

1996ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ8 ಇದಕ್ಕೆ ಒಳ್ಳೆಯ ಉದಾಹರಣೆ. ಕವೆಂಟ್ರಿಯ ಬ್ರೌನ್ಸ್ ಲೇನ್‌ನಲ್ಲಿ, ಕಂಪನಿ ಫೋರ್ಡ್ ಕೈಯಲ್ಲಿದ್ದಾಗ ತಯಾರಾದ ಕಾರು. ಟಾಟಾ ಕೊಂಡದ್ದು 2008ರಲ್ಲಿ, ಅಷ್ಟರಲ್ಲಿ ಈ ಮಾದರಿ ನಿಂತುಹೋಗಿತ್ತು. ನಾಲ್ಕು ಲೀಟರ್ ವಿ8 ಎಂಜಿನ್ನಿನ ಕಾರು ಈಗ ಸಾಧಾರಣ ಹ್ಯಾಚ್‌ಬ್ಯಾಕಿನ ಬೆಲೆಗೆ ಸಿಗುತ್ತದೆ. ರಿಪೇರಿಯ ಬಿಲ್ಲು ಮಾತ್ರ ಜಾಗ್ವಾರಿನದೇ.

ಮೊದಲು ಮೈಲಿ ನೋಡಿ. ಗಣಕೀಕೃತ ದಾಖಲೆ ಸಿಗುವುದು 2005ರಿಂದ ಈಚೆಗೆ. 1998ರ ಕಾರಿಗೆ 2001ರಲ್ಲೇ ಮೊದಲ ಪರೀಕ್ಷೆ ಆಗಿರುತ್ತದೆ, ಹಾಗಾಗಿ ಮೊದಲ ಕೆಲವು ವರ್ಷಗಳಿಗೆ ಕಾಗದದ ಪ್ರಮಾಣಪತ್ರವೇ ಗತಿ. ನಡುವೆ ಒಂದೆರಡು ವರ್ಷ ಖಾಲಿ ಇದ್ದರೆ ಗಾಬರಿಯಾಗಬೇಕಿಲ್ಲ. ರಸ್ತೆಗೆ ಇಳಿಸುವುದಿಲ್ಲ ಎಂದು ಘೋಷಿಸಿದ ಕಾರಿಗೆ ಪರೀಕ್ಷೆ ಬೇಕಾಗುವುದಿಲ್ಲ. 2020ರ ಮಾರ್ಚ್ 30ರಿಂದ ಜುಲೈ 31ರೊಳಗೆ ಅವಧಿ ಮುಗಿಯಬೇಕಿದ್ದವಕ್ಕೆ ಕೋವಿಡ್ ಕಾರಣ ಆರು ತಿಂಗಳ ವಿನಾಯಿತಿಯೂ ಸಿಕ್ಕಿತ್ತು. ನಾವು ಹೆಚ್ಚು ಅನುಮಾನಿಸುವುದು ವರ್ಷಕ್ಕೆ ಮುನ್ನೂರು ನಾನೂರು ಮೈಲಿ ಮಾತ್ರ ಓಡಿದ ಕಾರನ್ನು. ಕಡಿಮೆ ಓಡಿದೆ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ನಿಂತೇ ಇದ್ದ ಕಾರಿನ ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಹಿಂದಿನ ಡಿಸ್ಕಿನೊಳಗೆ ಡ್ರಮ್ಮಿನಲ್ಲಿ ಕೂತ ಹ್ಯಾಂಡ್‌ಬ್ರೇಕ್ ಶೂ ಅಂಟಿಕೊಳ್ಳುತ್ತದೆ, ಟೈರಿನ ಪಕ್ಕ ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತವೆ. ಕಾರು ನೋಡಲು ಹೋದಾಗ ಓದಿಕೊಳ್ಳಿ.

ಟೈರಿನ ಬಗ್ಗೆ ಇನ್ನೊಂದು ಮಾತು. ಕನಿಷ್ಠ 1.6 ಮಿ.ಮೀ. ಆಳ ಇರಬೇಕಾದದ್ದು ಟ್ರೆಡ್ಡಿನ ನಡುವಿನ ಮುಕ್ಕಾಲು ಅಗಲದಲ್ಲಿ ಮಾತ್ರ. ಒಳ ಅಂಚು ಪೂರ್ತಿ ಸವೆದು ನುಣ್ಣಗಾಗಿದ್ದರೂ ತಂತಿ ಕಾಣದಿದ್ದರೆ ಕಾರು ಅಡ್ವೈಸರಿಯೊಂದಿಗೆ ಪಾಸಾಗಬಹುದು. ‘ಹಿಂದಿನ ಟೈರ್ ಒಳ ಅಂಚು ಸವೆದಿದೆ’ ಎಂದು ಸತತ ಎರಡು ಮೂರು ವರ್ಷ ಕಂಡರೆ ಟೈರು ಬದಲಿಸಿದ್ದಾರೆ, ಕಾರಣ ಹುಡುಕಿಲ್ಲ ಅಂತ ಅರ್ಥ. ಈ ಕಾರಿನ ಹಿಂಬದಿಯಲ್ಲಿ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟೇ ಸಸ್ಪೆನ್ಷನ್ನಿನ ಮೇಲಿನ ತೋಳಾಗಿಯೂ ಕೆಲಸ ಮಾಡುತ್ತದೆ. ಅದರ ಯೂನಿವರ್ಸಲ್ ಜಾಯಿಂಟ್ ಅಥವಾ ಕೆಳಗಿನ ತೋಳಾದ ವಿಶ್‌ಬೋನಿನ ಬೇರಿಂಗ್ ಸಡಿಲವಾದರೆ ಚಕ್ರದ ಓರೆಯೇ ಬದಲಾಗುತ್ತದೆ. ಮುಂಬದಿಯಲ್ಲಿ ಸವೆಯುವುದು ಶಾಕ್ ಅಬ್ಸಾರ್ಬರಿನ ಮೇಲಿನ ಬುಶ್ ಮತ್ತು ಕೆಳಗಿನ ಬಾಲ್ ಜಾಯಿಂಟ್.

ಈ ಕಾರಿನ ದೊಡ್ಡ ಶತ್ರು ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಮುಂದಿನ ಕಾಲಿಡುವ ಜಾಗದ ನೆಲ, ಸಿಲ್ (ಬಾಗಿಲ ಕೆಳಗಿನ ಉದ್ದನೆಯ ತಗಡಿನ ಭಾಗ), ಹಿಂದಿನ ಚಕ್ರದ ಕಮಾನುಗಳನ್ನು ತಿನ್ನುತ್ತದೆ. ಸಸ್ಪೆನ್ಷನ್, ಸೀಟ್‌ಬೆಲ್ಟ್ ಮುಂತಾದವನ್ನು ಬಿಗಿದ ಜಾಗದಿಂದ 30 ಸೆಂ.ಮೀ. ಒಳಗೆ ಭಾರ ಹೊರುವ ತಗಡು ಶಿಥಿಲವಾಗಿದ್ದರೆ ಫೇಲ್. ಒಂದು ವರ್ಷ ‘ಮೇಲ್ಮೈ ತುಕ್ಕು’ ಅಡ್ವೈಸರಿ, ಮರುವರ್ಷ ಬೇರೆ ಕೇಂದ್ರದಲ್ಲಿ ಅದರ ಸುದ್ದಿಯೇ ಇಲ್ಲ, ಮೂರನೆಯ ವರ್ಷ ಫೇಲ್: ಈ ಸರಣಿ ಕಂಡರೆ ನಡುವಿನ ವರ್ಷ ಅಂಡರ್‌ಸೀಲ್ (ಕಾರಿನ ತಳಕ್ಕೆ ಹಚ್ಚುವ ರಕ್ಷಣಾ ಲೇಪ) ಬಳಿದು ಮುಚ್ಚಿರಬಹುದು. ಪರೀಕ್ಷಕರು ಏನನ್ನೂ ಬಿಚ್ಚಿ ನೋಡುವಂತಿಲ್ಲ. ಕಾರ್ಪೆಟ್ ಎತ್ತುವುದಿಲ್ಲ, ಕೆಳಗಿನ ಹೊದಿಕೆ ಕಳಚುವುದಿಲ್ಲ. ಪರೀಕ್ಷೆ ನಡೆದ ಕೇಂದ್ರ ಯಾವುದು ಎಂದು ತಿಳಿಯಲು ನೋಂದಣಿ ಪುಸ್ತಕ ವಿ5ಸಿಯಲ್ಲಿರುವ 11 ಅಂಕಿಯ ದಾಖಲೆ ಸಂಖ್ಯೆ ಬೇಕು. ಅದನ್ನು ಮಾರುವವರಿಂದಲೇ ಕೇಳಿ ಪಡೆಯಿರಿ.

ಫೇಲ್ ಮತ್ತು ಪಾಸ್ ಎರಡೂ ಒಂದೇ ದಿನ ದಾಖಲಾಗಿರುವುದು ತಪ್ಪಲ್ಲ. ಬಲ್ಬು, ವೈಪರ್, ಬ್ರೇಕ್ ಪ್ಯಾಡ್ ಗಂಟೆಯೊಳಗೆ ಬದಲಾಗುತ್ತವೆ. ಸಿಲ್‌ಗೆ ತೇಪೆ ಹಾಕಿ ವೆಲ್ಡ್ ಮಾಡಿದ್ದರೆ ಮಾತ್ರ ಯೋಚಿಸಬೇಕು. ಸೀಟು, ಕಾರ್ಪೆಟ್ ತೆಗೆದು, ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ, ತೇಪೆಯ ಸುತ್ತ ಬಿಡದೆ ವೆಲ್ಡ್ ಹರಿಸಿ, ಒಳಗೆ ಮೇಣ ಸಿಂಪಡಿಸುವ ಕೆಲಸ ಅರ್ಧ ದಿನದಲ್ಲಿ ಮುಗಿಯುವಂಥದ್ದಲ್ಲ. ಫೋಟೊ, ಬಿಲ್ಲು ಇಲ್ಲದಿದ್ದರೆ ರಿಪೇರಿ ಆಗಿಲ್ಲ ಎಂದೇ ನಾವು ವರದಿ ಬರೆಯುತ್ತೇವೆ.

2018ರ ಮೇ ತಿಂಗಳಿಂದ ದೋಷಗಳನ್ನು ಅಪಾಯಕಾರಿ, ಪ್ರಮುಖ, ಸಣ್ಣದು ಎಂದು ವಿಂಗಡಿಸುತ್ತಾರೆ. ಹಾಗಾಗಿ ಅದಕ್ಕಿಂತ ಹಿಂದಿನ ಫೇಲನ್ನೂ ಈಚಿನದನ್ನೂ ಪದಕ್ಕೆ ಪದ ಹೋಲಿಸಬೇಡಿ. ಎಬಿಎಸ್ ದೀಪ ಉರಿಯುತ್ತಿದೆ ಎಂದು ಫೇಲಾಗಿದ್ದರೆ ಎಕ್ಸ್‌ಕೆ8ರಲ್ಲಿ ಮೊದಲು ನೋಡಬೇಕಾದದ್ದು ಎಬಿಎಸ್ ಮಾಡ್ಯೂಲಿನ ಬಿರುಕು ಬಿಟ್ಟ ಬೆಸುಗೆ. ಸೆನ್ಸರ್ ಬದಲಿಸಿ ಪಾಸು ಮಾಡಿಸಿದ್ದರೆ ದೀಪ ಮತ್ತೆ ಬರುವ ಸಾಧ್ಯತೆ ಇದೆ.

ಇಡೀ ಇತಿಹಾಸ ಚೊಕ್ಕಟವಾಗಿದ್ದರೂ ಎಂಒಟಿ ಮುಟ್ಟದ ಜಾಗ ಒಂದಿದೆ. ಹೊಗೆಯ ಪರೀಕ್ಷೆ ಇದೆ, ಎಂಜಿನ್ನಿನ ಒಳಗಿನ ಸ್ಥಿತಿಯ ಪರೀಕ್ಷೆ ಇಲ್ಲ. ಶುರುವಿನ ವರ್ಷಗಳ ನಾಲ್ಕು ಲೀಟರ್ ಎಂಜಿನ್ನಿನ ಎರಡನೇ ಹಂತದ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರುಗಳ ಮೈ ಪ್ಲಾಸ್ಟಿಕ್. ಅದು ಸೀಳಿದರೆ ಚೈನ್ ಹಲ್ಲು ಹಾರುತ್ತದೆ, ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಕ್ಯಾಮ್ ಕವರ್ ಬಿಚ್ಚಿಸಿ ಎರಡೂ ಬ್ಯಾಂಕಿನ (ಸಿಲಿಂಡರ್ ಸಾಲಿನ) ಟೆನ್ಷನರನ್ನು ಕಣ್ಣಾರೆ ನೋಡಿ. ಲೋಹದ್ದಾದರೆ ಸರಿ, ಪ್ಲಾಸ್ಟಿಕ್ ಕಂಡರೆ ಎರಡನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತು ಶುರು ಮಾಡಿ.