ಕಾರ್ಡಿನ ಹಿಂಬದಿಯಲ್ಲಿದ್ದವರು, ಮುಂಬದಿಯಲ್ಲಿದ್ದವರು

ಚಿತ್ರವಿರುವ ಹಳೆಯ ಅಂಚೆ ಕಾರ್ಡುಗಳನ್ನು ಕೊಳ್ಳುವವರು ಹೆಚ್ಚಾಗಿ ಚಿತ್ರ ನೋಡಿ ಬೆಲೆ ಕಟ್ಟುತ್ತಾರೆ. ನಾನು ಮೊದಲು ತಿರುಗಿಸಿ ಹಿಂಬದಿ ಓದುತ್ತೇನೆ. ಬೆಂಗಳೂರಿನ ಅಂಚೆಚೀಟಿ ಪ್ರದರ್ಶನವೊಂದರಲ್ಲಿ ಕೆಜಿಎಫ್‌ನ ಈ ಕಾರ್ಡನ್ನು ಕೊಂಡದ್ದೂ ಹಿಂಬದಿಗಾಗಿಯೇ. ಏಳನೇ ಎಡ್ವರ್ಡ್‌ನ ಒಂದಾಣೆಯ ಕೆಂಪು ಚೀಟಿ, ಚಾಂಪಿಯನ್ ರೀಫ್ ಅಂಚೆಯ ಮೊಹರು, 1908ನೇ ಇಸವಿ. ವಿಳಾಸ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ರೆಡ್ರೂತ್ ಊರಿನ ಒಬ್ಬ ಹುಡುಗಿಯದು. ಸೆಕೆ ವಿಪರೀತ, ಅಮ್ಮನಿಗೆ ದುಡ್ಡು ಕಳಿಸಿದ್ದೇನೆ, ಗುರುತು ಹಾಕಿರುವ ಕಿಟಕಿಯೇ ನನ್ನ ಕೆಲಸದ ಜಾಗ ಎಂದು ಅಣ್ಣ ಬರೆದಿದ್ದಾನೆ. ಮುಂಬದಿಯ ಚಿತ್ರದಲ್ಲಿ ಎಂಜಿನ್ ಮನೆಯ ಒಂದು ಕಿಟಕಿಯ ಮೇಲೆ ಶಾಯಿಯ ಪುಟ್ಟ ಗುಣಿಸು ಗುರುತು ಇನ್ನೂ ಇದೆ.

ರೆಡ್ರೂತ್ ಎಂದ ಕೂಡಲೇ ಅರ್ಧ ಕಥೆ ತಿಳಿಯುತ್ತದೆ. ಅದು ತವರ, ತಾಮ್ರದ ಗಣಿಗಳ ನಾಡು. ಅಲ್ಲಿ ಕೆಲಸ ಕಡಿಮೆಯಾದಾಗ ಗಣಿಗಾರರು ದೇಶದೇಶಕ್ಕೆ ಹೊರಟರು. ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕೋಲಾರದ ಗಣಿಗಳಿಗೂ ಬಂದರು.

ಹುಡುಗಿಯನ್ನು ಹುಡುಕುವುದು ನಾನೆಣಿಸಿದಷ್ಟು ಕಷ್ಟವಾಗಲಿಲ್ಲ. ಇಂಗ್ಲೆಂಡಿನ 1911ರ ಜನಗಣತಿಯಲ್ಲಿ ಮನೆ ಯಜಮಾನರೇ ತುಂಬಿದ ಹಾಳೆಗಳು ಉಳಿದಿವೆ. ಅವಳ ಅಪ್ಪನ ಕೈಬರಹವನ್ನೇ ನೋಡಿದೆ. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ, ಎಷ್ಟು ತೀರಿಕೊಂಡರು ಎಂಬ ಮೂರು ಅಂಕಣಗಳಲ್ಲಿ ಕೊನೆಯದನ್ನು ಮಾತ್ರ ಅವನು ಒತ್ತಿ ಬರೆದಿದ್ದ. ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಾಗಲಿಲ್ಲ. 1921ರ ಗಣತಿ ಸಾರ್ವಜನಿಕರಿಗೆ ತೆರೆದದ್ದು 2022ರಲ್ಲಿ. ಅದರಲ್ಲಿ ಅವಳು ಶಾಲೆಯ ಮೇಡಂ. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋಗಿರುವುದರಿಂದ ಅಲ್ಲಿ ದಾರಿ ಕಡಿಯುತ್ತದೆ. ಮತ್ತೆ ಸಿಕ್ಕಿದ್ದು ಉಯಿಲುಗಳ ಪಟ್ಟಿಯಲ್ಲಿ. ಮದುವೆಯಾಗದ ಅವಳ ಆಸ್ತಿ ತಮ್ಮನ ಮಗನಿಗೆ ಸೇರಿತ್ತು.

ಆ ಮನೆಯವರು ಈಗಲೂ ಇರುವುದರಿಂದ ಹೆಸರು ಬರೆಯುವುದಿಲ್ಲ. ಮೊಮ್ಮಗಳ ಸಾಲಿನ ಒಬ್ಬರು ಇಮೇಲ್‌ಗೆ ಉತ್ತರಿಸಿದರು. ಮಳೆ ಹಿಡಿದ ದಿನಗಳಲ್ಲಿ ಮಕ್ಕಳಿಗೆ ಅವಳು ಕಾರ್ಡುಗಳನ್ನು ಸೇರಿಸಿಟ್ಟಿದ್ದ ಆಲ್ಬಂ ನೋಡಲು ಕೊಡುತ್ತಿದ್ದರಂತೆ. ಮನೆ ಖಾಲಿ ಮಾಡುವಾಗ ಅದು ಸಾಮಾನಿನ ಜೊತೆ ಹೋಯಿತು. ಅಲ್ಲಿಂದ ಮುಂದಿನದನ್ನು ಕಾರ್ಡೇ ಹೇಳುತ್ತದೆ: ನಾಲ್ಕೂ ಮೂಲೆಗಳಲ್ಲಿ ಆಲ್ಬಮ್ಮಿನ ಸೀಳಿಗೆ ಸಿಕ್ಕಿಸಿದ್ದ ಓರೆ ಗೆರೆ, ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಪೌಂಡ್ ಬೆಲೆ. ಯಾವನೋ ವ್ಯಾಪಾರಿ ಆಲ್ಬಂ ಒಡೆದು ಬಿಡಿಬಿಡಿಯಾಗಿ ಮಾರಿದ್ದಾನೆ. ಆಲ್ಬಂ ಒಡೆಯುವುದು ನನ್ನ ಪ್ರಕಾರ ಅನ್ಯಾಯ. ಬಿಡಿ ಕಾರ್ಡುಗಳಿಗೆ ದುಡ್ಡು ಹೆಚ್ಚು ಹುಟ್ಟುತ್ತದೆ ನಿಜ, ಆದರೆ ಅದನ್ನು ಅರವತ್ತು ಎಪ್ಪತ್ತು ವರ್ಷ ಜೋಪಾನ ಮಾಡಿದ ಕೈಯ ಗುರುತು ಅಳಿಸಿಹೋಗುತ್ತದೆ.

ಇಷ್ಟಾದ ಮೇಲೆ ಕಾಡತೊಡಗಿದ್ದು ಮುಂಬದಿ. ಚಿತ್ರದಲ್ಲಿ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಬಾಯಿಯ ಬಳಿ ಸಾಲಾಗಿ ನಿಂತವರು ಯಾರು? ಅಚ್ಚಿನ ಒಕ್ಕಣೆಯಲ್ಲಿ ಅವರು ಬರೀ ಕೂಲಿಗಳು. ಚಿತ್ರದಲ್ಲಿ ವಿದ್ಯುತ್ ಕಂಬಗಳಿವೆ. ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದದ್ದು 1902ರಲ್ಲಿ, ಹಾಗಾಗಿ ಫೋಟೋ ಅದಕ್ಕಿಂತ ಈಚಿನದು. ಅದಕ್ಕಿಂತ ಹೆಚ್ಚು ಕಾಗದದಿಂದ ಹೊರಡಲಿಲ್ಲ.

ಕಾರ್ಡು ಹಿಡಿದು ಮಾರಿಕುಪ್ಪಂ ರೈಲು ಹತ್ತಿದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಕೆಳಗಿಳಿದು ದುಡಿದ ಹಿರಿಯರೊಬ್ಬರು ಗಣಿ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯ ಜಗಲಿಯಲ್ಲಿ ಕೂತು ಅದನ್ನು ಬಹಳ ಹೊತ್ತು ನೋಡಿದರು.

“ನೋಡಿ ಸರ್, ಯಾರ ಕಾಲಲ್ಲೂ ಬೂಟಿಲ್ಲ. ಆರ್ಕಾಟ್ ಕಡೆಯಿಂದ ಬಂದವರು. ನಮ್ಮ ತಾತನೂ ಹಂಗೇ ಬಂದೋರು.”

“ಇವರಲ್ಲಿ ಯಾರ ಹೆಸರಾದರೂ ಸಿಗಬಹುದಾ ತಾತ?”

“ಕಂಪನಿ ಬುಕ್ಕಲ್ಲಿ ನಂಬರ್ ಇರುತ್ತೆ ಸರ್. ಹೆಸರು ಬೇಕಂದ್ರೆ ಚರ್ಚಲ್ಲಿ ಕೇಳಿ.”

ಕಂಪನಿ ಇವರ ಲೆಕ್ಕ ಇಡದೆ ಇರಲಿಲ್ಲ. ಬೆರಳಚ್ಚು ಕೊಡಬೇಕೆಂದಾಗ 1930ರಲ್ಲಿ ಇಡೀ ಗಣಿಯೇ ಮುಷ್ಕರ ಹೂಡಿತ್ತು. ಹಿರಿಯರ ಮಾತು ನನಗೆ ಸರಿ ಅನ್ನಿಸಿತು. ಅಲ್ಲಿನ ಪಾದ್ರಿಯೊಬ್ಬರು ಮಕ್ಕಳಿಗೆ ಚರ್ಚಿನಲ್ಲಿ ಕೊಟ್ಟ ಜ್ಞಾನಸ್ನಾನವನ್ನು ದಾಖಲಿಸಿದ ಹಳೆಯ ಪುಸ್ತಕ ತೋರಿಸಲು ಒಪ್ಪಿದ್ದಾರೆ. ತಮಿಳು ಓದಬಲ್ಲ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗಿ, 1902ರಿಂದ 1908ರವರೆಗಿನ ಪುಟಗಳಲ್ಲಿ ಚಾಂಪಿಯನ್ ರೀಫ್ ಲೈನಿನ ಅಪ್ಪಂದಿರ ಹೆಸರುಗಳನ್ನೆಲ್ಲ ಬರೆದುಕೊಳ್ಳಬೇಕು.