ಸಹಾಯ ಮಾಡ್ತೀನಿ ಅಮ್ಮಾ

ನಮ್ಮ ಮನೆಯಲ್ಲಿ ಏನಾದರೂ ಚೆಲ್ಲಿದರೆ, ಒಡೆದರೆ, ನೆನೆದರೆ, ಬೈಯುವ ಮುಂಚೆ ಒಂದು ಮಾತು ಕೇಳಬೇಕು. ‘ಏನು ಸಹಾಯ ಮಾಡೋಕೆ ಹೋಗಿದ್ದೆ?’ ಹೆಚ್ಚಿನ ಸಲ ಉತ್ತರ ಸಿಗುತ್ತದೆ. ನಾಲ್ಕು ವರ್ಷದ ಮಗಳು ನೆಲ ಒರೆಸಿರುತ್ತಾಳೆ, ಆಗಷ್ಟೇ ಮಡಿಸಿಟ್ಟ ಟವೆಲ್‌ನಲ್ಲಿ. ಅಪ್ಪನ ಚಪ್ಪಲಿ ತೊಳೆದಿರುತ್ತಾಳೆ, ಹಲ್ಲುಜ್ಜುವ ಬ್ರಶ್‌ನಲ್ಲಿ. ಯಾರ ಬ್ರಶ್ ಅಂತ ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ. ಇನ್ನೂ ಎರಡು ತುಂಬದ ಮಗನದು ಬೇರೆ ಇಲಾಖೆ. ಅವನು ಸಾಗಾಟ ನೋಡಿಕೊಳ್ಳುತ್ತಾನೆ. ಇಲ್ಲಿದ್ದದ್ದು ಅಲ್ಲಿಗೆ, ಅಲ್ಲಿದ್ದದ್ದು ಎಲ್ಲಿಗೋ.

ತುಂಟತನ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಗೋಡೆ ಮೇಲೆ ಗೀಚುವುದು, ಹಾಸಿಗೆ ಮೇಲೆ ಕುಣಿಯುವುದು ಎಲ್ಲಾ ನಡೆಯುತ್ತದೆ. ಆದರೆ ಅದನ್ನು ಒರೆಸಿ, ಸರಿಮಾಡಿ, ಹತ್ತು ನಿಮಿಷದಲ್ಲಿ ಮರೆಯಬಹುದು. ಅರ್ಧ ದಿನ ತಿಂದುಹಾಕುವ ರಾದ್ಧಾಂತಗಳೆಲ್ಲಾ ಆಗಿರುವುದು ಅವರು ನನಗೆ ನೆರವಾಗಲು ಬಂದಾಗಲೇ.

ಹೋದ ತಿಂಗಳ ಒಂದು ಶನಿವಾರ ಹೇಳುತ್ತೇನೆ. ಇವರಿಗೆ ಕೆಲಸವಿತ್ತು, ಬೆಳಿಗ್ಗೆಯೇ ಹೊರಟರು. ಬಟ್ಟೆ ಗುಡ್ಡೆ ಬಿದ್ದಿತ್ತು. ನಮ್ಮದು ಮುಂದಿನಿಂದ ಬಾಗಿಲಿರುವ ವಾಷಿಂಗ್ ಮೆಷಿನ್. ಅದಕ್ಕೆ ಬಟ್ಟೆ ತುಂಬುವುದು ಮಗನ ಕೆಲಸ. ಬೇರೆ ಯಾರು ಮುಟ್ಟಿದರೂ ಅಳುತ್ತಾನೆ. ಬುಟ್ಟಿಯಿಂದ ಒಂದೊಂದೇ ಎಳೆಯುತ್ತಾನೆ. ತನಗಿಂತ ಉದ್ದದ ಪ್ಯಾಂಟನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಾನೆ. ಅದನ್ನು ಒಳಗೆ ತುರುಕುವಾಗ ಒಂದು ಕಾಲು ಹೊರಗೇ ಉಳಿಯುತ್ತದೆ. ಅದನ್ನು ತಳ್ಳಿದರೆ ಇನ್ನೊಂದು ಕಾಲು ಹೊರಗೆ ಬರುತ್ತದೆ. ಎರಡೂ ಒಳಗೆ ಹೋದಾಗ ನನ್ನ ಮುಖ ನೋಡುತ್ತಾನೆ. ಪ್ರತಿ ಬಟ್ಟೆಗೂ ‘ಕೊಲೆ’ ಅನ್ನುತ್ತಾನೆ. ಕೊಳೆ ಅಂತ. ಪಕ್ಕದ ಮನೆಯವರು ಕೇಳಿಸಿಕೊಂಡು ಏನಂದುಕೊಂಡಿದ್ದಾರೋ. ಕೊಲೆ, ಕೊಲೆ, ಕೊಲೆ ಅಂತ ಬುಟ್ಟಿ ಖಾಲಿಯಾಗುವವರೆಗೂ ನಡೆಯುತ್ತದೆ.

ಅವನು ತುಂಬುವಾಗ ನಾನು ಪಕ್ಕದಲ್ಲೇ ಕೂರುತ್ತೇನೆ. ಈ ಮೆಷಿನ್‌ಗಳ ಬಾಗಿಲು ಮಕ್ಕಳ ಎತ್ತರಕ್ಕೇ ಇರುತ್ತದೆ. ಒಳಗೆ ತೂರಿಕೊಳ್ಳುವುದು ಅವರಿಗೆ ಸಲೀಸು. ಆದ್ದರಿಂದ ಕೆಲಸ ಇಲ್ಲದಾಗ ಬಾಗಿಲು ಮುಚ್ಚಿಯೇ ಇರಬೇಕು. ಸೋಪಿನ ಪುಡಿ, ದ್ರಾವಣ ಎಲ್ಲಾ ಮೇಲಿನ ಕಪಾಟಿನಲ್ಲಿ. ಬಣ್ಣಬಣ್ಣದ ಪುಟ್ಟ ಪೊಟ್ಟಣಗಳಲ್ಲಿ ಬರುವ ಸೋಪನ್ನಂತೂ ನಾನು ಮನೆಗೇ ತರುವುದಿಲ್ಲ. ಮಿಠಾಯಿ ಅಂದುಕೊಂಡು ಬಾಯಿಗೆ ಹಾಕಿಕೊಳ್ಳೋದಕ್ಕೆ ಅಂತಲೇ ಮಾಡಿದ ಹಾಗಿದೆ ಅದು.

ಅವತ್ತು ಬುಟ್ಟಿ ಖಾಲಿಯಾಯಿತು. ಸೋಪು ತರಲು ನಾನು ಎದ್ದು ಕಪಾಟಿನ ಕಡೆ ತಿರುಗಿದೆ. ಕಸದ ಡಬ್ಬಿಯ ಪೆಡಲ್ ತುಳಿದರೆ ಮುಚ್ಚಳ ತೆರೆಯುತ್ತದೆ ಅನ್ನೋದನ್ನು ನನ್ನ ಮಗ ಅದೇ ವಾರ ಕಂಡುಹಿಡಿದಿದ್ದ. ನಾನು ಅರ್ಧ ಗಂಟೆ ಹಿಂದೆ ಅದರೊಳಗೆ ಹಾಕಿದ್ದ, ರಾತ್ರಿಯೆಲ್ಲಾ ನೆನೆದು ಭಾರವಾಗಿದ್ದ ಡಯಾಪರ್ ಅವನ ಕಣ್ಣಿಗೆ ಬಿದ್ದಿದೆ. ಅಮ್ಮನಿಗೆ ಮರೆತುಹೋಗಿದೆ, ಪಾಪ. ಎತ್ತಿ ತಂದು ಡ್ರಮ್‌ನೊಳಗೆ ಹಾಕಿದ್ದಾನೆ. ಮಗಳು ಬಾಗಿಲು ಒತ್ತಿ ಮುಚ್ಚಿದಳು. ಬಟನ್ ಒತ್ತುವುದೂ ಅವಳದೇ ಹಕ್ಕು.

ಮುಂದಿನ ಅರ್ಧ ಗಂಟೆ ಎಷ್ಟು ನೆಮ್ಮದಿಯಾಗಿತ್ತು ಅಂದರೆ, ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಇಬ್ಬರೂ ಮೆಷಿನ್‌ನ ಗಾಜಿನ ಮುಂದೆ ಕೂತು ಬಟ್ಟೆ ತಿರುಗುವುದನ್ನು ನೋಡುತ್ತಿದ್ದರು. ‘ನನ್ನ ಫ್ರಾಕ್ ಬಂತು!’ ‘ಅಪ್ಪನ ಚಡ್ಡಿ ಹೋಯ್ತು!’ ಅಂತ ಮಗಳ ವೀಕ್ಷಕ ವಿವರಣೆ. ಮಗ ಚಪ್ಪಾಳೆ ತಟ್ಟುತ್ತಿದ್ದ. ನಾನು ಬಿಸಿ ಇರುವಾಗಲೇ ಒಂದು ಲೋಟ ಕಾಫಿ ಕುಡಿದೆ. ಸಣ್ಣ ಮಕ್ಕಳಿರುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಬಾಗಿಲು ತೆಗೆದಾಗ ಮೊದಲು ಕಿರುಚಿದ್ದು ಮಗಳು, ಖುಷಿಯಿಂದ. ‘ಅಮ್ಮಾ, ಐಸ್ ಬಂದಿದೆ!’

ಡ್ರಮ್ಮಿನ ತುಂಬಾ ಅರೆಪಾರದರ್ಶಕ ಹರಳು. ಕೈಗೆ ತಣ್ಣಗೆ, ಮೆತ್ತಗೆ, ಜಾರುವ ಹರಳು. ಷರ್ಟಿನ ಜೇಬಿನಲ್ಲಿ, ಕಾಲುಚೀಲದೊಳಗೆ, ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಗಳಲ್ಲಿ. ಜೊತೆಗೆ ನುಣ್ಣನೆಯ ಹತ್ತಿ, ಎಲ್ಲಾ ಕಪ್ಪು ಬಟ್ಟೆಗಳ ಮೇಲೂ. ಮಧ್ಯದಲ್ಲಿ ಹೊಟ್ಟೆ ಬಿರಿದು ಬರಿದಾದ ಡಯಾಪರ್‌ನ ಸಿಪ್ಪೆ.

‘ಇದನ್ನ ಯಾರು ಹಾಕಿದ್ದು?’

‘ಪುಟ್ಟ. ನಾನು ನೋಡ್ದೆ.’

‘ನೋಡಿದ್ರೆ ಯಾಕೆ ಹೇಳ್ಲಿಲ್ಲ?’

‘ಅದೂ ಕೊಳೆ ಅಲ್ವಾ ಅಮ್ಮಾ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅವಳು ನಕ್ಕು ಮುಗಿಸುವವರೆಗೂ ಕಾಯಬೇಕಾಯಿತು. ಆಮೇಲೆ, ‘ನೀರು ಮಾತ್ರ ಹಾಕ್ಬೇಡ ಮಾರಾಯ್ತಿ, ಉಪ್ಪು ಹಾಕು’ ಅಂದಳು. ಡಯಾಪರ್‌ನ ಒಳಗಿರುವುದು ಸೋಡಿಯಂ ಪಾಲಿಅಕ್ರಿಲೇಟ್ ಅನ್ನುವ ಪುಡಿ. ಅದು ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರನ್ನು ಹೀರಿಕೊಳ್ಳಬಲ್ಲದು. ಮೂತ್ರವನ್ನು ಅಷ್ಟೆಲ್ಲಾ ಹೀರುವುದಿಲ್ಲ, ಏಕೆಂದರೆ ಅದರಲ್ಲಿ ಲವಣ ಇರುತ್ತದೆ. ಅಂದರೆ ನನ್ನ ಮಗ ರಾತ್ರಿಯೆಲ್ಲಾ ಕಷ್ಟಪಟ್ಟು ತುಂಬಿಸಿದ್ದು ಏನೂ ಅಲ್ಲ, ನಿಜವಾದ ಹೊಟ್ಟೆ ತುಂಬಿದ್ದು ಮೆಷಿನ್‌ನಲ್ಲಿ. ಜಾಲಾಡಿಸೋಣ ಅಂತ ನೀರು ಬಿಟ್ಟಷ್ಟೂ ಅದು ಉಬ್ಬುತ್ತದೆ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗೆ ಹಿಡಿದಿಟ್ಟ ನೀರನ್ನು ಬಿಟ್ಟುಕೊಡುತ್ತದೆ, ಹರಳು ಕುಗ್ಗುತ್ತದೆ.

ನಂಬಿಕೆ ಬರಲಿಲ್ಲ. ಒಂದು ಬಟ್ಟಲಲ್ಲಿ ಸ್ವಲ್ಪ ಹರಳು ತೆಗೆದುಕೊಂಡು ಉಪ್ಪಿನ ಡಬ್ಬಿ ತಂದೆ. ತಂದ ಕೂಡಲೇ ಮಗಳು ಕೈ ಚಾಚಿದಳು. ‘ನಾನು ಹಾಕ್ತೀನಿ. ಸಹಾಯ ಮಾಡ್ತೀನಿ ಅಮ್ಮಾ.’ ಒಂದು ಚಮಚ ಉಪ್ಪು ಹಾಕಿ ಕಲಸಿದಳು. ಗಟ್ಟಿ ಮುದ್ದೆಯಾಗಿದ್ದದ್ದು ನೋಡನೋಡುತ್ತಲೇ ಸಡಿಲವಾಯಿತು. ಇನ್ನೂ ಕಲಸಿದಳು. ಬಟ್ಟಲಲ್ಲಿ ನೀರು ನೀರಾಯಿತು. ಅವಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ, ‘ಎಲ್ಲೋಯ್ತು?’ ಅಂದಳು. ನಿಜ ಹೇಳಬೇಕೆಂದರೆ ನನಗೂ ಮೈಮರೆತಿತ್ತು. ಒಗೆಯಬೇಕಾದ ಬಟ್ಟೆ, ಅಡುಗೆ, ಎಲ್ಲಾ ಬಿಟ್ಟು ಇಬ್ಬರೂ ನೆಲದ ಮೇಲೆ ಕೂತು ಬಟ್ಟಲಾದ ಮೇಲೆ ಬಟ್ಟಲು ಕರಗಿಸಿದೆವು. ದುಡ್ಡು ಕೊಟ್ಟು ತಂದ ಯಾವ ಆಟದ ಸಾಮಾನೂ ಅವಳನ್ನು ಅಷ್ಟು ಹೊತ್ತು ಹಿಡಿದು ಕೂರಿಸಿಲ್ಲ.

ಮಗನನ್ನು ಮಾತ್ರ ಒಂದು ಕೈಯಲ್ಲಿ ಹಿಡಿದುಕೊಂಡೇ ಇರಬೇಕಾಯಿತು. ಅವನಿಗೆ ಯಾವುದನ್ನಾದರೂ ತಿಳಿಯಬೇಕೆಂದರೆ ಬಾಯಿಗೆ ಇಟ್ಟೇ ನೋಡಬೇಕು.

ಶುಚಿ ಮಾಡುವ ಕತೆಯನ್ನು ಬೇಗ ಮುಗಿಸುತ್ತೇನೆ, ಮಾಡುವಾಗ ಬೇಗ ಮುಗಿಯಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ಕೊಡವಿದೆ. ಡ್ರಮ್ಮನ್ನು ಒಣ ಬಟ್ಟೆಯಲ್ಲಿ ಬಳಿದು ತೆಗೆದೆ. ಅದನ್ನು ಕಸಕ್ಕೇ ಹಾಕಬೇಕು, ಮೋರಿಗೆ ಬಿಟ್ಟರೆ ಪೈಪ್ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಬಿಚ್ಚಿದೆ, ಅಲ್ಲಿ ಹರಳಿನ ಜೊತೆಗೆ ಬಹಳ ದಿನಗಳಿಂದ ಹುಡುಕುತ್ತಿದ್ದ ಒಂದು ಗುಂಡಿಯೂ ಸಿಕ್ಕಿತು. ಕೊನೆಗೆ ಡ್ರಮ್ಮಿಗೆ ಉಪ್ಪು ಹಾಕಿ ಬರೀ ನೀರಲ್ಲಿ ಒಂದು ಸುತ್ತು ಓಡಿಸಿದೆ. ಬಟ್ಟೆಗಳಲ್ಲಿ ಉಳಿದದ್ದು ಒಣಗಿದ ಮೇಲೆ ಪುಡಿಯಾಗಿ ಉದುರಿತು, ಅದು ಮಾರನೆಯ ದಿನದ ಕಸ.

ಇದರ ನಡುವೆ ಮಗಳು ತಮ್ಮನಿಗೆ ಹಾಲು ಬಗ್ಗಿಸಿ ಕೊಟ್ಟಳು. ನಾನು ಕೆಲಸದಲ್ಲಿದ್ದೇನೆ ಅಂತ, ಅವಳಾಗಿಯೇ. ತಮ್ಮನಿಗೆ ಉದ್ದನೆಯ ಲೋಟ, ತನಗೆ ಅಗಲದ ಬಟ್ಟಲು. ಚೆಲ್ಲಿದ್ದು ಅಷ್ಟೇನಿಲ್ಲ. ಆದರೆ ಕೊಟ್ಟಾದ ಮೇಲೆ ಎರಡನ್ನೂ ನೋಡಿದಳು, ಮುಖ ಸಪ್ಪೆಯಾಯಿತು, ಆಮೇಲೆ ಅಳು. ‘ಅವನಿಗೆ ಜಾಸ್ತಿ ಹಾಕ್ಬಿಟ್ಟೆ!’ ಉದ್ದ ಲೋಟದಲ್ಲಿ ಹಾಲು ಮೇಲೆ ಕಾಣುತ್ತದೆ, ಅಷ್ಟೇ. ಅವಳ ಕಣ್ಣೆದುರಿಗೇ ಲೋಟದ ಹಾಲನ್ನು ಇನ್ನೊಂದು ಬಟ್ಟಲಿಗೆ ಸುರಿದು ತೋರಿಸಿದೆ. ಎರಡೂ ಒಂದೇ ಮಟ್ಟ. ನಕ್ಕಳು. ವಾಪಸ್ ಲೋಟಕ್ಕೆ ಸುರಿದೆ. ಮತ್ತೆ ಅಳು. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಮಕ್ಕಳಲ್ಲಿ ಗುರುತಿಸಿದ್ದು ಇದನ್ನೇ. ಪಾತ್ರೆಯ ಆಕಾರ ಬದಲಾದರೆ ನೀರಿನ ಅಳತೆ ಬದಲಾಗುವುದಿಲ್ಲ ಅನ್ನುವ ತಿಳಿವಳಿಕೆ ಬರುವುದು ಏಳು ವರ್ಷದ ಆಸುಪಾಸಿನಲ್ಲಿ. ಅವರಿಗೂ ಮನೆಯಲ್ಲಿ ಮೂರು ಮಕ್ಕಳಿದ್ದರು, ಅವರನ್ನೇ ನೋಡಿ ನೋಡಿ ಬಹಳಷ್ಟು ಬರೆದರು. ಮೂವರಿಗೂ ಒಂದೇ ಥರದ ಲೋಟ ಇತ್ತೋ ಏನೋ. ನಾನಂತೂ ಏಳರವರೆಗೆ ವಾದ ಮಾಡುತ್ತಾ ಕೂರುವವಳಲ್ಲ. ಎರಡೂ ಬಟ್ಟಲಿಗೆ ಸುರಿದು ಕೈ ತೊಳೆದುಕೊಂಡೆ.

ಮಧ್ಯಾಹ್ನ ಯಾರೂ ಮಲಗಲಿಲ್ಲ. ಒಂದರಿಂದ ಎರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು–ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಯಾವ ಗಂಟೆಗಳಲ್ಲಿ ಅಂತ ಹೇಳಿಲ್ಲ.

ಬಟ್ಟೆ ಎರಡನೇ ಸಲ ಒಗೆದು, ಹರವಲು ಹೋದಾಗ ಸಂಜೆಯಾಗುತ್ತಾ ಬಂದಿತ್ತು. ನನಗೆ ಸಿಟ್ಟಿತ್ತು, ಸುಸ್ತಿತ್ತು. ಕೈಯಿಂದ ಒಂದು ಕ್ಲಿಪ್ ಜಾರಿ ಬಿತ್ತು. ಬಗ್ಗುವ ಮೊದಲೇ ಮಗ ಓಡಿ ಬಂದು ಎತ್ತಿಕೊಟ್ಟ. ನಾನು ಕೇಳಿರಲಿಲ್ಲ. ಇನ್ನೊಂದು ಬಿತ್ತು, ಅದನ್ನೂ ಕೊಟ್ಟ. ಆಗ ನೆನಪಾಯಿತು, ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲೊ ಅನ್ನುವ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದೇ ಬಟ್ಟೆ ಕ್ಲಿಪ್ ಇತ್ತು. ದೊಡ್ಡವರೊಬ್ಬರು ಬಟ್ಟೆ ಹರವುತ್ತಾ ಕ್ಲಿಪ್ ಬೀಳಿಸುತ್ತಾರೆ, ಕೈ ಚಾಚಿದರೂ ಸಿಗುವುದಿಲ್ಲ. ಒಂದೂವರೆ ವರ್ಷದ ಮಕ್ಕಳು ತಾವಾಗಿಯೇ ಹೋಗಿ ಎತ್ತಿಕೊಡುತ್ತಾರೆ. ಬಹುಮಾನವಿಲ್ಲ, ಶಭಾಷ್ ಇಲ್ಲ. ಅದೇ ಕ್ಲಿಪ್ಪನ್ನು ಬೇಕೆಂದೇ ಎಸೆದರೆ ಅಷ್ಟಾಗಿ ಎತ್ತಿಕೊಡುವುದಿಲ್ಲ. ಅಂದರೆ ಬಿದ್ದದ್ದಕ್ಕೂ ಎಸೆದದ್ದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತು. ಇನ್ನೊಬ್ಬರಿಗೆ ಏನು ಬೇಕು ಅಂತ ನೋಡುತ್ತಿರುತ್ತಾರೆ.

ಪರೀಕ್ಷಿಸೋಣ ಅನ್ನಿಸಿತು. ಅವನ ಮುಂದೆಯೇ ಒಂದು ಕ್ಲಿಪ್ ನೆಲಕ್ಕೆ ಎಸೆದೆ. ಅವನು ಕ್ಲಿಪ್ ನೋಡಿದ. ನನ್ನ ಮುಖ ನೋಡಿದ. ಮತ್ತೆ ಕ್ಲಿಪ್ ನೋಡಿದ. ಆಮೇಲೆ ಡಬ್ಬಿಗೆ ಕೈ ಹಾಕಿ ತಾನೂ ಒಂದು ತೆಗೆದು, ಪೂರ್ತಿ ಬಲ ಹಾಕಿ ಎಸೆದು, ಜೋರಾಗಿ ನಕ್ಕ. ಅಕ್ಕ ಓಡಿ ಬಂದಳು. ಐದು ನಿಮಿಷದಲ್ಲಿ ಡಬ್ಬಿಯಲ್ಲಿ ಒಂದೂ ಕ್ಲಿಪ್ ಉಳಿಯಲಿಲ್ಲ. ಮೂವರೂ ಎಸೆದಿದ್ದೆವು. ನನ್ನದು ದೂರ ಹೋಗಿ ಬಿತ್ತು ಅಂತ ಹೇಳಿಕೊಳ್ಳಲು ಸಂಕೋಚವಿಲ್ಲ.

ಇವರು ಮನೆಗೆ ಬಂದಾಗ ಉಪ್ಪಿನ ಡಬ್ಬಿ ಖಾಲಿ, ಬಟ್ಟೆ ಅರ್ಧ ಹರವಿತ್ತು, ಅಡುಗೆ ಆಗಿರಲಿಲ್ಲ. ‘ಇವತ್ತು ಏನಾಯ್ತು?’ ಅಂದರು. ಮಗಳು ‘ಅಮ್ಮಂಗೆ ತುಂಬಾ ಸಹಾಯ ಮಾಡಿದ್ವಿ’ ಅಂದಳು.

ಅವನಿಂದ ಬಟ್ಟೆ ತುಂಬಿಸುವುದನ್ನು ನಿಲ್ಲಿಸು ಅಂತ ಹೇಳಿದವರಿದ್ದಾರೆ. ನಿಲ್ಲಿಸಿಲ್ಲ. ಹಾಗಂತ ನಾನೇನು ಸಹನೆಯ ಮೂರ್ತಿಯಲ್ಲ. ತರಾತುರಿಯಿದ್ದ ದಿನ ಅವರು ಏಳುವ ಮುಂಚೆಯೇ ಮೆಷಿನ್ ಹಾಕಿ ಮುಗಿಸಿಬಿಡುತ್ತೇನೆ. ಪುರುಸೊತ್ತಿದ್ದ ದಿನ ಅವನೇ ತುಂಬುತ್ತಾನೆ. ಕಸದ ಡಬ್ಬಿಯನ್ನು ಚಿಲಕವಿರುವ ಬಾಗಿಲ ಹಿಂದಕ್ಕೆ ಸಾಗಿಸಿದ್ದೇವೆ. ಮೆಷಿನ್ ಬಾಗಿಲು ಮುಚ್ಚುವ ಮುಂಚೆ ಡ್ರಮ್ಮಿನೊಳಗೆ ಕೈಯಾಡಿಸಿ ನೋಡುವುದು ಈಗ ರೂಢಿಯಾಗಿದೆ. ಚಮಚ ಸಿಗುತ್ತದೆ, ಒಂಟಿ ಬೂಟು ಸಿಗುತ್ತದೆ. ನಿನ್ನೆ ಟಿವಿಯ ರಿಮೋಟ್ ಸಿಕ್ಕಿತು. ಹೊರಗೆ ತೆಗೆದದ್ದಕ್ಕೆ ಮಗನಿಗೆ ನನ್ನ ಮೇಲೆ ವಿಪರೀತ ಕೋಪ. ರಿಮೋಟ್ ತಿರುಗಿಸಿ, ಗುಂಡಿಗಳ ಮಧ್ಯೆ ಅಂಟಿಕೊಂಡಿದ್ದ ಕಪ್ಪು ಗೆರೆಗೆ ಬೆರಳಿಟ್ಟು ತೋರಿಸಿದ. ‘ಕೊಲೆ!’ ನೋಡಿದೆ. ಇತ್ತು.